ಹೊರಗೆ ತೆರೆಯುವ ಬಾಗಿಲು

ಭಾಲ್ಕಿಯ ಸ್ಟೇಶನ್ ಗಲ್ಲಿಯಲ್ಲಿ ಎಲ್ಲರ ಮನೆಯ ಬಾಗಿಲುಗಳೂ ಒಳಕ್ಕೆ ತೆರೆಯುತ್ತಿದ್ದವು. ಕಾಶೀರಾಮನ ಮನೆಯದೊಂದು ಮಾತ್ರ ಹೊರಕ್ಕೆ ತೆರೆಯುತ್ತಿತ್ತು. ಇದರಲ್ಲಿ ಬಾಗಿಲಿನ ತಪ್ಪೇನೂ ಇರಲಿಲ್ಲ. ತಪ್ಪೆಲ್ಲ ಕಾಶೀರಾಮನದು, ಮತ್ತು ಆ ಮಾತನ್ನು ಮುಂದೆ ಅವನೇ ಊರ ತುಂಬ ಹೇಳಿಕೊಂಡು ತಿರುಗಿದ. ಆದರೆ ಅಷ್ಟು ಬುದ್ಧಿ ಬರಬೇಕಾದರೆ ಒಂದು ಸರಕಾರ ಬದಲಾಗಿ ಒಂದು ರಸ್ತೆ ಆಗಬೇಕಾಯಿತು.

ಬಾಗಿಲು ಬಂದದ್ದು ಜನವಾಡದಿಂದ. ನಿಜಾಮನ ಆಳ್ವಿಕೆ ಮುಗಿದು ಜಾಗೀರುಗಳು ಹೋದ ಮೇಲೆ ಅಲ್ಲಿ ಒಂದು ಹಳೆಯ ವಾಡೆಯನ್ನು ಬಿಚ್ಚಿ ಮಾರುತ್ತಿದ್ದಾರೆಂಬ ಸುದ್ದಿ ಕೇಳಿ ಕಾಶೀರಾಮ ಬಂಡಿ ಕಟ್ಟಿಕೊಂಡು ಹೋಗಿದ್ದ. ಬುದ್ಧಿವಂತರು ತೊಲೆ, ಜಂತಿ ಅಂತ ಉಪಯೋಗಕ್ಕೆ ಬೀಳುವ ಸಾಮಾನು ತಂದರು. ಇವನ ಕಣ್ಣು ಬಿದ್ದದ್ದು ವಾಡೆಯ ತಲೆಬಾಗಿಲಿನ ಮೇಲೆ. ಸಾಗವಾನಿಯ ಎರಡು ಕದ, ಮೈತುಂಬ ಹಿತ್ತಾಳೆಯ ಗುಬ್ಬಿ ಮೊಳೆಗಳು, ತಳದಲ್ಲಿ ಸಾಲಾಗಿ ಕೆತ್ತಿದ ಆನೆಗಳು. ಒಂದು ಕದದೊಳಗೆ, ಆನೆಗಳ ಮೇಲ್ಗಡೆ, ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಪುಟ್ಟ ದಿಡ್ಡಿ ಬಾಗಿಲು. ಜನವಾಡದಿಂದ ಭಾಲ್ಕಿಗೆ ಬರುವವನಿಗೆ ಬೀದರದ ಗಾಂಧಿ ಗಂಜಿನ ಪೇಟೆಯಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಅಡತಿಯ ದಲಾಲರು, ಹಮಾಲರು ನಾಲ್ಕು ಜನ ನೋಡಲಿ ಎಂದು ಕಾಶೀರಾಮ ಬಂಡಿಯನ್ನು ಆ ಕಡೆ ತಿರುಗಿಸಿ, ಚಹಾ ಕುಡಿಯುವ ನೆವ ಮಾಡಿ, ಅಲ್ಲಿ ಬಹಳ ಹೊತ್ತು ನಿಂತಿದ್ದ.

ಮನೆಗಿಂತ ಬಾಗಿಲೇ ದೊಡ್ಡದಾಯಿತು. ಅಂಗಳವೋ ಅಂಗೈಯಷ್ಟು. ಬಂಡಿ ಒಳಗೆ ತಂದು ಎರಡು ಎತ್ತು ಕಟ್ಟಿದರೆ ಕದ ಒಳಕ್ಕೆ ತಿರುಗಲು ಜಾಗವೇ ಇಲ್ಲ. ಬಡಿಗ ಸುಭಾನ ತಲೆ ಕೆರೆದುಕೊಂಡು, ಬಾಗಿಲನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಕೊಟ್ಟು ಬನ್ನಿ ಎಂದ. ಕಾಶೀರಾಮ ಅದನ್ನು ಹೊರಕ್ಕೆ ತೆರೆಯುವಂತೆ ಕೂಡಿಸಿದ.

"ಹೊರಗ ತೆರಿಯೋ ಬಾಗಲಾ ಬಂದವರ ಮಾರಿಗಿ ಬಡೀತದ್ರಿ," ಎಂದಳು ಅವನ ಹೆಂಡತಿ ಸುಭದ್ರಾಬಾಯಿ. "ಇಷ್ಟ ದೊಡ್ಡ ಬಾಗಲಾ ನೋಡಿ ಒಳಗ ಬಂದವರು, ಮನಿ ಎಲ್ಲಿ ಅದ ಅಂತ ಕೇಳ್ತಾರ."

"ನಿನಗ ತಿಳಿಯಂಗಿಲ್ಲ. ನಾವೇನು ಬಗ್ಗಿ ಹೋಗೋ ಮಂದಿ ಅಲ್ಲ. ಬಗ್ಗಿದವನಿಗಿ ಒಂದು ಗುದ್ದು ಹೆಚ್ಚು," ಎಂದ ಕಾಶೀರಾಮ. ತಹಸೀಲ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ವರ್ಷವೂ ಎದುರಿಗೆ ಬಂದವರಿಗೆಲ್ಲ ಬಗ್ಗಿ ಸಲಾಮು ಹೊಡೆದವನು ಅವನು. ಪೆನ್ಶನ್ ಆದ ಮೇಲೆ ಈ ಗಾದೆ ಅವನಿಗೆ ಬಹಳ ಹಿಡಿಸಿತ್ತು. ದಿಡ್ಡಿ ಬಾಗಿಲನ್ನು ಹೆಂಗಸರು, ಮಕ್ಕಳು ಬಳಸುತ್ತಿದ್ದರು. ತಾನು ಹೊರಗೆ ಹೋಗಬೇಕಾದರೆ, ಅದು ಎಲೆ-ಅಡಿಕೆ ತರಲಿಕ್ಕಾದರೂ ಸರಿ, ಎರಡೂ ಕದ ಹಾರು ಹೊಡೆಸಿಕೊಂಡೇ ಹೋಗುತ್ತಿದ್ದ.

ತೊಂದರೆ ಎದುರು ಮನೆಯಲ್ಲಿತ್ತು. ಅಲ್ಲಿ ಟಾಂಗಾ ಹೊಡೆಯುವ ಮುಜೀಬೋದ್ದೀನನಿದ್ದ. ಅವನ ಅಪ್ಪನ ಕಾಲದಿಂದಲೂ ಟಾಂಗಾ ನಿಲ್ಲುತ್ತಿದ್ದದ್ದು ಅವನ ಮನೆಯ ಗೋಡೆಗೆ ಆತು. ಗಲ್ಲಿ ಕಿರಿದು. ಕಾಶೀರಾಮನ ಕದಗಳು ಹೊರಕ್ಕೆ ಬೀಸಿದವೆಂದರೆ ಸೀದಾ ಟಾಂಗಾಕ್ಕೆ ಬಡಿಯುತ್ತಿದ್ದವು. ಹೀಗಾಗಿ ಮುಂಜಾನೆ ಎದ್ದರೆ ಕಾಶೀರಾಮ ಒಳಗಿನಿಂದ ಕೂಗುವುದು, "ಟಾಂಗಾ ಸರಸು!" ಮುಜೀಬೋದ್ದೀನ ಎದ್ದು ಬಂದು ಸರಿಸುವುದು. ಒಂದು ದಿನ ಕೂಗುವುದನ್ನು ಮರೆತು ಕಾಶೀರಾಮ ಕದ ತಳ್ಳಿಬಿಟ್ಟ. ಟಾಂಗಾದ ಕಂದೀಲು ಒಡೆದು ಚೂರಾಯಿತು. ನಿನ್ನ ಟಾಂಗಾ ನನ್ನ ಬಾಗಿಲಿಗೆ ಅಡ್ಡ ಎಂದು ಇವನು, ನಿನ್ನ ಬಾಗಿಲೇ ಗಲ್ಲಿಗೆ ಅಡ್ಡ ಎಂದು ಅವನು. ಅಂದಿನಿಂದ ಇಬ್ಬರಿಗೂ ಮಾತು ಬಿಟ್ಟುಹೋಯಿತು. ಉಳಿದದ್ದು "ಟಾಂಗಾ ಸರಸು" ಒಂದೇ. ಹೆಂಗಸರಿಗೆ ಈ ಜಗಳ ಒಂದಿಷ್ಟೂ ತಟ್ಟಲಿಲ್ಲ. ಮುಜೀಬೋದ್ದೀನನ ಹೆಂಡತಿ ಕುಬರಾ ದಿಡ್ಡಿ ಬಾಗಿಲಲ್ಲಿ ನುಸುಳಿ ಬಂದು ಸುಭದ್ರಾಬಾಯಿಯ ಜೊತೆ ಶ್ಯಾವಿಗೆ ಹೊಸೆದು ಹೋಗುತ್ತಿದ್ದಳು.

ಅಷ್ಟರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಊರಿನವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸೆ ಹುಟ್ಟಿತು. ಕೆಲವರು ಸಾಲೆ ಬೇಕೆಂದರು, ಕೆಲವರು ದವಾಖಾನೆ ಬೇಕೆಂದರು. ಕಾಶೀರಾಮನಿಗೆ ಹೊಸ ರಾಜ್ಯದಿಂದ ಬೇಕಾಗಿದ್ದದ್ದು ಒಂದೇ: ಎದುರಿನ ಟಾಂಗಾ ತೊಲಗಬೇಕು. ಅದನ್ನು ಬಾಯಿಬಿಟ್ಟು ಕೇಳಲು ಬರುವುದಿಲ್ಲವಲ್ಲ. ಬಹಳ ಯೋಚಿಸಿ ಅವನು ಒಂದು ಹಾದಿ ಹುಡುಕಿದ. ಗಲ್ಲಿಯಲ್ಲಿ ನಿಜಾಮನ ಕಾಲದ ಹಾಸುಗಲ್ಲು ಕಿತ್ತು ಹೋಗಿ ತಗ್ಗು ಬಿದ್ದಿದ್ದವು. ಅದರ ಮೇಲೆ ಸರಕಾರ ಪಕ್ಕಾ ರಸ್ತೆ ಮಾಡಿದರೆ ಅದು ಸರಕಾರಿ ರಸ್ತೆಯಾಯಿತು. ಸರಕಾರಿ ರಸ್ತೆಯ ಮೇಲೆ ಖಾಸಗಿ ಟಾಂಗಾ ನಿಲ್ಲಲು ಹೇಗೆ ಬಿಟ್ಟಾರು? ಈ ಲೆಕ್ಕಾಚಾರ ಮನಸ್ಸಿನಲ್ಲಿಟ್ಟುಕೊಂಡು ಅವನು ಗಲ್ಲಿಯ ಮುಖಂಡನಾದ. ಮಳೆಗಾಲದ ಕೆಸರು, ಮುದುಕರು ಜಾರಿ ಬೀಳುವುದು, ಹೆರಿಗೆಗೆ ಹೋಗುವ ಹೆಣ್ಣುಮಕ್ಕಳ ಪಾಡು, ಎಲ್ಲವನ್ನೂ ಕಚೇರಿಯ ಸಾಹೇಬರ ಮುಂದೆ ಕಣ್ಣಲ್ಲಿ ನೀರು ಬರುವಂತೆ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ತಾನು ಪರೋಪಕಾರಿ ಎಂಬ ನಂಬಿಕೆ ಬಂತು. ರಸ್ತೆ ಮಂಜೂರಾಯಿತು.

ಯುಗಾದಿ ಮುಗಿದ ಮೇಲೆ ಮೈಸೂರು ಕಡೆಯ ಒಬ್ಬ ಓವರ್‌ಸೀಯರ್ ಬಂದ. ಎಳೆಯ ವಯಸ್ಸಿನವನು, ನೆರಳಿನಲ್ಲಿಯೂ ಛತ್ರಿ ಹಿಡಿಯುವವನು. ಗಲ್ಲಿಯನ್ನು ಈ ತುದಿಯಿಂದ ಆ ತುದಿಗೆ ನಡೆದು, ಬಂಡಿ, ಟಾಂಗಾ ಯಾವುದೂ ಇಲ್ಲಿ ನಿಲ್ಲುವಂತಿಲ್ಲ, ಕೆಲಸ ಮುಗಿಯುವವರೆಗೆ ಸ್ಟೇಶನ್ ಮೈದಾನದಲ್ಲಿ ನಿಲ್ಲಿಸಿಕೊಳ್ಳಿ ಎಂದ. ಮುಜೀಬೋದ್ದೀನ ಟಾಂಗಾ ಹೊಡೆದುಕೊಂಡು ಹೋದ. ಕಾಶೀರಾಮನಿಗೆ ಆ ದಿನ ಉಂಡದ್ದು ಮೈಗೆ ಹತ್ತಿತು. ತನ್ನ ಬಂಡಿಯನ್ನು ಮಾತ್ರ ಅವನು ಮೈದಾನಕ್ಕೆ ಕಳಿಸಲಿಲ್ಲ. ಕಂಡಕಂಡವರ ಬಂಡಿಗಳ ನಡುವೆ ತನ್ನದು ನಿಲ್ಲುವುದೆ? ಬಂಡಿ, ಎತ್ತು ಎರಡನ್ನೂ ಅಂಗಳಕ್ಕೆ ಹೊಡೆದುಕೊಂಡು, ಧೂಳು ಬರಬಾರದೆಂದು ಎರಡೂ ಕದ ಭದ್ರವಾಗಿ ಮುಚ್ಚಿ ಅಗಳಿ ಹಾಕಿಕೊಂಡ; ಕೆಲಸ ಮುಗಿಯುವ ತನಕ ನಾಲ್ಕು ದಿನ ತನಗೂ ದಿಡ್ಡಿಯೇ ಸಾಕು ಎಂದುಕೊಂಡ.

ಓವರ್‌ಸೀಯರ್ ಆ ಕದಗಳ ಮುಂದೆ ನಿಂತು ಬಗ್ಗಿ ನೋಡಿದ.

"ಯಜಮಾನರೇ, ಈ ಬಾಗಿಲು ಹೊರಗಡೆ ತೆಗೆಯುತ್ತಾ? ರಸ್ತೆ ಮಟ್ಟ ಏರುತ್ತೆ ನೋಡಿ. ದಪ್ಪ ಕಲ್ಲು, ಅದರ ಮೇಲೆ ಕಡಿ ಜಲ್ಲಿ, ಅದರ ಮೇಲೆ ಮುರುಮು ಮಣ್ಣು. ಮೊದಲೇ ಏನಾದರೂ ವ್ಯವಸ್ಥೆ ಮಾಡಿಕೊಂಡರೆ ಒಳ್ಳೇದು."

ಮಾತು ಸ್ಪಷ್ಟವಾಗಿತ್ತು, ಕಾಶೀರಾಮನಿಗೆ ಅಕ್ಷರ ಅಕ್ಷರ ತಿಳಿಯಿತು. ಆದರೆ ನಿನ್ನೆ ಮೊನ್ನೆ ಬಂದ ಹುಡುಗ ತನ್ನ ಬಾಗಿಲಿನ ಬಗ್ಗೆ ತನಗೇ ಹೇಳುವುದೆಂದರೇನು? ಮೂವತ್ತು ವರ್ಷ ಕಚೇರಿ ಕಂಡವನು ತಾನು!

"ನಮ್ಮ ಬಾಗಲಾ ನಮಗ ಗೊತ್ತದ್ರಿ ಸಾಹೇಬ್ರ. ನೀವು ರೋಡಿಂದು ನೋಡ್ರಿ," ಎಂದ.

ಸಾಹೇಬರು ರೋಡಿಂದು ನೋಡಿದರು. ಕೂಲಿಯವರು ದಪ್ಪ ಕಲ್ಲು ಹೊಂದಿಸುತ್ತ ಮನೆ ಮನೆ ದಾಟಿ ಬಂದರು. ತನ್ನ ಮನೆಯ ಮುಂದೆ ಬಂದಾಗ ಕಾಶೀರಾಮ ಕಟ್ಟೆಯ ಮೇಲೆ ಖುರ್ಚಿ ಹಾಕಿಕೊಂಡು ಕೂತ. ಅವನಿಗೆ ಒಂದೇ ಚಿಂತೆ. ಎದುರಿನವನ ಮುಂದಿನ ರಸ್ತೆಗಿಂತ ತನ್ನ ಮುಂದಿನ ರಸ್ತೆ ಒಂದು ಬೆರಳು ತಗ್ಗಾದರೂ ಮಳೆ ಬಂದಾಗ ನೀರು ತನ್ನ ಕಡೆ ಹರಿಯುತ್ತದೆ, ಮಾನ ಆ ಕಡೆ ಹರಿಯುತ್ತದೆ. ಆದ್ದರಿಂದ ಕೂಲಿಯವರಿಗೆ ಬೆಲ್ಲದ ಚಹಾ ಮಾಡಿಸಿ ಕೊಟ್ಟ.

"ಇನ್ನೊಂದ್ ಪುಟ್ಟಿ ಹಾಕ್ರಪಾ ಇಲ್ಲಿ. ಕಂಜೂಸಿ ಮಾಡಬ್ಯಾಡ್ರಿ. ಗೋಡಿ ತನಕಾ ಒತ್ತಿ ಹಾಕ್ರಿ!"

ಚಹಾ ಕುಡಿದವರು ಋಣ ಇಟ್ಟುಕೊಳ್ಳಲಿಲ್ಲ. ಪುಟ್ಟಿಯ ಮೇಲೆ ಪುಟ್ಟಿ ಸುರಿದರು. ಕದದ ಮೇಲಿನ ಆನೆಗಳ ಕಾಲು ಮುಚ್ಚಿದವು, ಅರ್ಧ ಹೊಟ್ಟೆಯೂ ಮುಚ್ಚಿತು. ಬೆನ್ನು, ಎತ್ತಿದ ಸೊಂಡಿಲು ಮಾತ್ರ ಕಡಿಯ ಮೇಲೆ ಕಾಣುತ್ತಿದ್ದವು. ಕಾಶೀರಾಮ ಅದನ್ನು ದಿನವೂ ನೋಡುತ್ತಿದ್ದ, ನೋಡಿ ತೃಪ್ತಿಪಡುತ್ತಿದ್ದ. ಮನುಷ್ಯನಿಗೆ ಕಣ್ಣು ಎರಡಿದ್ದರೂ ಹಟ ಒಂದೇ ಕಡೆ ನೋಡಿಸುತ್ತದೆ. ಅವನು ಅಳೆಯುತ್ತಿದ್ದದ್ದು ಎದುರು ಮನೆಯ ಎತ್ತರವನ್ನು.

ಉರುಳುಗಲ್ಲಿನ ಇಂಜಿನ್ನು ಬಂದ ದಿನ ಗಲ್ಲಿಯಲ್ಲಿ ಹಬ್ಬವೇ ಹಬ್ಬ. ಹೊಗೆ ಉಗುಳುತ್ತ ಅದು ಈ ತುದಿಯಿಂದ ಆ ತುದಿಗೆ ಹೋಗಿ ಬಂದು, ಕಲ್ಲು ಮುರುಮು ಎಲ್ಲ ಒಂದೇ ಮೈಯಾಗುವಂತೆ ಒತ್ತಿತು. ಮುಖಂಡನೆಂದು ಕಾಶೀರಾಮನ ಕೈಯಿಂದ ಅದಕ್ಕೆ ಕಾಯಿ ಒಡೆಸಿದರು, ಅವನ ಕೊರಳಿಗೂ ಒಂದು ಹಾರ ಹಾಕಿದರು. ಹೊಸ ರಸ್ತೆಯ ಮೇಲೆ ಮೊದಲ ಬಂಡಿ ತನ್ನದೇ ಹೋಗಬೇಕೆಂದು ಅವನು ಹಿಂದಿನ ದಿನವೇ ಸಾರಿದ್ದ. ಹಾರ ಹಾಕಿಕೊಂಡೇ ದಿಡ್ಡಿ ಬಾಗಿಲಲ್ಲಿ ನುಸುಳಿ ಒಳಗೆ ಹೋಗಿ, ಎತ್ತುಗಳ ಕೊಂಬಿಗೆ ರಿಬ್ಬನ್ನು ಕಟ್ಟಿ, ಬಂಡಿ ಹೂಡಿ, ಅಗಳಿ ತೆಗೆದು, ಎರಡೂ ಕೈಯಿಂದ ಕದ ತಳ್ಳಿದ.

ಕದ ಅಲುಗಲಿಲ್ಲ.

ಭುಜ ಕೊಟ್ಟು ತಳ್ಳಿದ. ಬೆನ್ನು ಕೊಟ್ಟು ತಳ್ಳಿದ. ಸುಭದ್ರಾಬಾಯಿಯನ್ನು ಕರೆದು ಇಬ್ಬರೂ ಕೂಡಿ ತಳ್ಳಿದರು. ಹೊರಗೆ ಗಲ್ಲಿಗೆ ಗಲ್ಲಿಯೇ ಕಾಯುತ್ತ ನಿಂತಿತ್ತು. "ಬರ್ರಿ ಕಾಶೀರಾಮರಾವ, ಯಾಕ ತಡಾ?" ಎಂದು ಯಾರೋ ಕೂಗಿದರು. ಆಗ ಸುಭದ್ರಾಬಾಯಿ ತಳ್ಳುವುದನ್ನು ಬಿಟ್ಟು, ಬಗ್ಗಿ, ಕದದ ಬುಡದ ಸಂದಿಯಲ್ಲಿ ಬೆರಳಿಟ್ಟು ನೋಡಿದಳು. ಸಂದಿಯ ಆಚೆ ಸರಕಾರಿ ರಸ್ತೆ ಬಂಡೆಯಾಗಿ ಕೂತಿತ್ತು. ಅವಳು ಗಂಡನ ಮುಖ ನೋಡಿದಳು. ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಕ್ಕಳು.

"ಬೆಲ್ಲದ ಚಹಾ ಮಾಡು ಅಂತ ನೀವೇ ಹೇಳಿದ್ರಿ," ಎಂದಳು.

ಕಾಶೀರಾಮ ಕೊರಳ ಹಾರ ತೆಗೆದು ಎತ್ತಿನ ಕೊರಳಿಗೆ ಹಾಕಿದ. ಆಮೇಲೆ ದಿಡ್ಡಿ ಬಾಗಿಲಲ್ಲಿ ತಲೆ ತಗ್ಗಿಸಿ, ಸೊಂಟ ಬಗ್ಗಿಸಿ, ಗಲ್ಲಿಯ ಎದುರಿಗೆ ಹೊರಗೆ ಬಂದ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ. ಎಲ್ಲರೂ ಒಬ್ಬೊಬ್ಬರೇ ಆನೆಯ ಸೊಂಡಿಲು ನೋಡಿ, ಅವನನ್ನು ನೋಡಿ, ಮನೆಗೆ ಹೋಗಿ ನಕ್ಕರು.

ಆಮೇಲಿನ ಪಾಡು ಹೇಳತೀರದು. ಎತ್ತುಗಳು ದಿಡ್ಡಿಯಲ್ಲಿ ಹಿಡಿಯುವುದಿಲ್ಲವಲ್ಲ. ನೀರು ಕೊಡದಲ್ಲಿ ಒಳಗೆ, ಮೇವು ಸಿವುಡು ಕಟ್ಟಿ ಒಳಗೆ, ಸೆಗಣಿ ಪುಟ್ಟಿಯಲ್ಲಿ ಹೊರಗೆ. ರಸ್ತೆ ಮೇಲೆ, ಅಂಗಳ ಕೆಳಗೆ ಆಗಿದ್ದರಿಂದ ದಿಡ್ಡಿಯಲ್ಲಿ ಬಗ್ಗಿದ್ದಲ್ಲದೆ ಒಳಗಡೆ ಮೊಣಕಾಲುದ್ದ ಇಳಿಯಬೇಕು. ಮೊದಲ ಕೆಲವು ದಿನ ಕಾಶೀರಾಮ ಹಣೆ ಬಡಿಸಿಕೊಂಡ, ಆಮೇಲೆ ಕುತ್ತಿಗೆಗೆ ಬುದ್ಧಿ ಬಂತು. ಗುದ್ದು ಬಗ್ಗಿದವನಿಗಲ್ಲ, ಬಗ್ಗದವನಿಗೇ ಹೆಚ್ಚು ಎಂದು ಹಣೆ ತಿಕ್ಕಿಕೊಳ್ಳುತ್ತ ತನ್ನಷ್ಟಕ್ಕೆ ಹೇಳಿಕೊಂಡ. ಇನ್ನು ಟಾಂಗಾ? ಹೊಸ ರಸ್ತೆ ನುಣ್ಣಗಿದೆ, ಎದುರಿನ ಕದ ತೆರೆಯುವುದಿಲ್ಲ, ಸರಿಸು ಎನ್ನುವವರಿಲ್ಲ. ಮುಜೀಬೋದ್ದೀನನ ಟಾಂಗಾ ಮೊದಲಿನ ಜಾಗಕ್ಕೆ ಬಂದು ನಿಂತಿತು. ಅದನ್ನು ನೋಡಿ ಸ್ಟೇಶನ್ನಿನ ಉಳಿದ ಟಾಂಗಾದವರೂ ಇಲ್ಲೇ ನೆರಳು ಚೆನ್ನಾಗಿದೆ ಎಂದು ಕಾಶೀರಾಮನ ಕದಕ್ಕೇ ಒರಗಿಸಿ ನಿಲ್ಲಿಸತೊಡಗಿದರು. ಒಂದನ್ನು ಓಡಿಸಲು ಹೋದವನ ಮನೆ ಮುಂದೆ ಟಾಂಗಾ ಸ್ಟ್ಯಾಂಡೇ ಆಯಿತು.

ಓವರ್‌ಸೀಯರ್ ಹತ್ತಿರ ಹೋದರೆ ಅವನು ಪಾಪ ನಗಲಿಲ್ಲ. "ಸರ್ಕಾರಿ ರಸ್ತೆ ಅಗೆಯೋ ಹಾಗಿಲ್ಲ ಯಜಮಾನರೇ. ಬಾಗಿಲು ನಿಮ್ಮದು, ಕೆಳಗಡೆ ಕೊಯ್ಸಿಬಿಡಿ," ಎಂದ. ಸುಭಾನನೂ ಅದನ್ನೇ ಹೇಳಿದ. ಚೌಕಟ್ಟು ಕಿತ್ತರೆ ಮಣ್ಣಿನ ಗೋಡೆ ಬೀಳುತ್ತದೆ. ರಸ್ತೆಯ ಮಟ್ಟಕ್ಕೆ ಕದ ಕೊಯ್ಯುವುದೊಂದೇ ದಾರಿ. ಕೊಯ್ಯುವುದೆಂದರೆ ಆನೆಗಳ ಸಾಲನ್ನು ಅಡ್ಡ ಸೀಳುವುದು. ಗಾಂಧಿ ಗಂಜಿನಲ್ಲಿ ನಿಲ್ಲಿಸಿ ತೋರಿಸಿದ ಬಾಗಿಲು! ಕಾಶೀರಾಮ ಕಿವಿ ಮುಚ್ಚಿಕೊಂಡ. ಬೀದರಕ್ಕೆ ಹೋಗಿ ಹಳೆಯ ಪರಿಚಯದವರನ್ನು ಹಿಡಿದ. ಮೊದಲಾದರೆ ಹೈದರಾಬಾದಿಗೆ ಬರೆಯಬೇಕು ಎನ್ನುತ್ತಿದ್ದವರು ಈಗ ಬೆಂಗಳೂರಿಗೆ ಬರೆಯಬೇಕು ಎಂದರು. ರಾಜ್ಯ ಬದಲಾದದ್ದು ಅವನಿಗೆ ಅಷ್ಟರಮಟ್ಟಿಗೆ ಅನುಭವಕ್ಕೆ ಬಂತು.

ಸುಭದ್ರಾಬಾಯಿಯ ಚಿಂತೆ ಬೇರೆ ಇತ್ತು. ಅವರ ಒಬ್ಬಳೇ ಮಗಳು ಜನಾಬಾಯಿಯನ್ನು ಔರಾದಿಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕು. ಸುಭದ್ರಾಬಾಯಿಯ ಕಡೆಯವರಲ್ಲಿ ಒಂದು ಪದ್ಧತಿ: ಚೊಚ್ಚಲಿಗೆ ಬಂದ ಮಗಳು ತವರಿನ ತಲೆಬಾಗಿಲಲ್ಲಿ ಆರತಿ ಮಾಡಿಸಿಕೊಂಡು, ತಲೆ ಎತ್ತಿ, ಬಲಗಾಲಿಟ್ಟು ಒಳಗೆ ಬರಬೇಕು. ಪಕ್ಕದ ಬಾಗಿಲು, ಕಳ್ಳ ಬಾಗಿಲು ಕೂಡದು. ಈ ಮನೆಗೆ ಹಿತ್ತಿಲ ಬಾಗಿಲು ಹೇಗೂ ಇರಲಿಲ್ಲ.

"ಬಾಗಲಾ ಕೊಯ್ಸ್ರಿ. ಪೋರಿ ಬರೋ ಹೊತ್ತಾತು," ಎಂದು ಅವಳು ದಿನವೂ ಹೇಳುವುದು.

"ಬೆಂಗಳೂರಿಂದ ಆರ್ಡರ ಬರ್ತದ. ರೋಡ್ ಕೆತ್ತಿಸಿ ಕೊಡ್ತಾರ. ಸ್ವಲ್ಪ ತಡಿ," ಎಂದು ಇವನು ಹೇಳುವುದು.

"ನಿಮ್ಮ ಬೆಂಗಳೂರಿಂದ ಆರ್ಡರ ಬರೂತನಕಾ ಹುಟ್ಟಿದ ಕೂಸು ಸಾಲಿಗಿ ಹೋಗ್ತದ!"

ಬೀಗರು ಮುಂದಿನ ವಾರ ಕಳಿಸುತ್ತೇವೆಂದಿದ್ದರು. ಆದರೆ ಜನಾಬಾಯಿಯ ಕಾಲು ಬಾತವೆಂದು ಹೆದರಿ, ಅಳಿಯ ಜ್ಞಾನೇಶ್ವರ ಈ ವಾರವೇ ಅವಳನ್ನು ಹೊರಡಿಸಿಕೊಂಡು, ಬೀದರದಲ್ಲಿ ಬಸ್ಸಿಳಿದು, ರೈಲು ಹತ್ತಿಸಿ ಕರೆತಂದ. ಭಾಲ್ಕಿ ಸ್ಟೇಶನ್ನಿನಲ್ಲಿ ಇಳಿದಾಗ ಅವರನ್ನು ಕಂಡದ್ದು ಮುಜೀಬೋದ್ದೀನ. ಸಣ್ಣವಳಿದ್ದಾಗ ಅವಳನ್ನು ಎಷ್ಟೋ ಸಲ ಟಾಂಗಾದಲ್ಲಿ ಕೂಡಿಸಿಕೊಂಡು ಸುತ್ತು ಹೊಡೆಸಿದವನು. ಕೇಳದೆಯೇ ಟ್ರಂಕು ಎತ್ತಿಟ್ಟುಕೊಂಡು, ಮೆತ್ತಗೆ, ಹೊಸ ರಸ್ತೆಯ ಮೇಲೆ ಕುದುರೆಯನ್ನು ನಡೆಸಿಕೊಂಡೇ ಬಂದು, ಕಾಶೀರಾಮನ ಕದದ ಮುಂದೆ ನಿಲ್ಲಿಸಿದ.

ಕಾಶೀರಾಮ ಆಗ ಸೆಗಣಿ ಪುಟ್ಟಿ ಹೊತ್ತು ದಿಡ್ಡಿಯಿಂದ ಅರ್ಧ ಹೊರಗೆ ಬಂದಿದ್ದ. ಎದುರಿಗೆ ಅಳಿಯ! ಹೊರಗೆ ಬಂದು, ಪುಟ್ಟಿ ಎಲ್ಲಿ ಇಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತ. ಒಳಗಿನಿಂದ ಸುಭದ್ರಾಬಾಯಿ ಆರತಿ ತಟ್ಟೆ ತಂದಳು. ಜನಾಬಾಯಿ ಟಾಂಗಾದಿಂದ ಇಳಿದು, ಸೊಂಟಕ್ಕೆ ಕೈಕೊಟ್ಟು, ಮುಚ್ಚಿದ ಕದಗಳನ್ನು ನೋಡಿದಳು. ದಿಡ್ಡಿಯ ಹತ್ತಿರ ಬಂದಳು. ಬಗ್ಗಲು ನೋಡಿದಳು, ತುಂಬಿದ ಹೊಟ್ಟೆ ಬಗ್ಗಗೊಡಲಿಲ್ಲ. ಓರೆಯಾಗಿ ಒಂದು ಕಾಲು ಒಳಗಿಟ್ಟಳು. ಕಾಲಿಗೆ ನೆಲ ಸಿಗಲಿಲ್ಲ. ಹಿಂದಕ್ಕೆ ಸರಿದು ಏದುಸಿರು ಬಿಟ್ಟಳು. ದಿಡ್ಡಿಯಲ್ಲಿ ಅವ್ವನ ಮುಖವಷ್ಟೇ ಕಾಣುತ್ತಿತ್ತು.

"ಅಪ್ಪಾ," ಎಂದಳು, "ನಾ ಯಾವ ಕಡಿಂದ ಬರ್ಲಿ?"

ಅವಳು ಬೈದಿರಲಿಲ್ಲ. ದಾರಿ ತಿಳಿಯದವರು ಕೇಳುವ ಹಾಗೆ ಕೇಳಿದ್ದಳು, ಅಷ್ಟೆ. ಆದರೆ ಆ ಮಾತಿಗೆ ಕಾಶೀರಾಮನಿಗೆ ತನ್ನದೇ ಮಾತು ನೆನಪಾಯಿತು. ಹೆರಿಗೆಗೆ ಹೋಗುವ ಹೆಣ್ಣುಮಕ್ಕಳ ಪಾಡು ಎಂದು ಸಾಹೇಬರ ಮುಂದೆ ಕಣ್ಣೀರು ತರಿಸಿದವನು ತಾನೇ ಅಲ್ಲವೇ? ಬೇರೆಯವರ ಮಗಳಿಗೆಂದು ಹೇಳಿದ ಸುಳ್ಳು ತನ್ನ ಮಗಳ ಪಾಲಿಗೆ ನಿಜವಾಗಿ ಬಂದು ಬಾಗಿಲಲ್ಲಿ ನಿಂತಿತ್ತು. ಒಂದು ಹಲಗೆಯ ಮೇಲಿನ ಆನೆಗಳಿಗೆ ನೋವಾದೀತೆಂದು ಇಷ್ಟು ದಿನ ಕೈಕಟ್ಟಿ ಕೂತಿದ್ದ ಅಪ್ಪ! ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಎದುರು ಮನೆಯಿಂದ ಕುಬರಾ ಓಡಿ ಬಂದಳು. "ಬಾ ಬೇಟಿ, ನಮ್ಮ ಮನ್ಯಾಗ ಕೂಡು ಬಾ. ನಮ್ಮ ಬಾಗಲಾ ಒಳಗೇ ತೆರೀತದ," ಎಂದು ಅವಳ ಕೈಹಿಡಿದು ಕರೆದುಕೊಂಡು ಹೋಗಿ, ಬಾಗಿಲ ಹತ್ತಿರವೇ ಹೊರಸು ಹಾಕಿ ಕೂಡಿಸಿ, ಕಾಲಿಗೆ ಬಿಸಿನೀರು ತಂದಳು. ಆರತಿ ತಟ್ಟೆ ಹಿಡಿದು ದಿಡ್ಡಿಯಲ್ಲಿ ನುಸುಳುವಾಗ ಸುಭದ್ರಾಬಾಯಿಯ ದೀಪ ಆರಿಹೋಯಿತು. ಅವಳೂ ಮಗಳ ಹತ್ತಿರ ಹೋಗಿ ಕೂತಳು.

ಕಾಶೀರಾಮ ಸೆಗಣಿ ಪುಟ್ಟಿ ಇಟ್ಟ. ಬಡಿಗ ಸುಭಾನ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದ. ಅವನ ಮನೆಯಿಂದ ಗರಗಸ ತರಬೇಕೆಂದು ತಿರುಗಿದರೆ, ಮುಜೀಬೋದ್ದೀನ ಆಗಲೇ ಅದನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ. ದಿಮ್ಮಿ ಕೊಯ್ಯುವ ದೊಡ್ಡ ಗರಗಸ. ಆ ತುದಿಗೊಬ್ಬರು, ಈ ತುದಿಗೊಬ್ಬರು ಹಿಡಿದು ಎಳೆಯಬೇಕು. ಅಳಿಯ ಮುಂದೆ ಬಂದ.

"ನೀವು ಅಳಿಯಂದಿರು, ಕೂಡ್ರಿ," ಎಂದ ಕಾಶೀರಾಮ.

ಇನ್ನು ಉಳಿದವನು ಒಬ್ಬನೇ. ಇಬ್ಬರೂ ಮುಖ ನೋಡಿಕೊಂಡರು. ಕಾಶೀರಾಮ ದಿಡ್ಡಿಯಲ್ಲಿ ಬಗ್ಗಿ ಒಳಗಿಳಿದ. ಮುಜೀಬೋದ್ದೀನ ಎರಡು ಕದಗಳ ನಡುವಿನ ಸಂದಿಯಲ್ಲಿ ಗರಗಸವನ್ನು ಅಡ್ಡವಾಗಿ ತೂರಿಸಿದ. ಒಳಗೆ ಬಂದ ತುದಿಯನ್ನು ಕಾಶೀರಾಮ ಹಿಡಿದ. ನಡುವೆ ಬಾಗಿಲು. ಇವನಿಗೆ ಅವನು ಕಾಣುವುದಿಲ್ಲ, ಅವನಿಗೆ ಇವನು ಕಾಣುವುದಿಲ್ಲ. ಒಬ್ಬ ಎಳೆದಾಗ ಇನ್ನೊಬ್ಬ ಬಿಡದಿದ್ದರೆ ಗರಗಸ ಮಿಸುಕುವುದಿಲ್ಲ. ಮೊದಮೊದಲು ಇಬ್ಬರೂ ಒಟ್ಟಿಗೇ ಎಳೆದರು. ಅದು ಅವರ ಹಳೆಯ ರೂಢಿ.

"ನಾ ಎಳದಾಗ ನೀವು ಬಿಡ್ರಿ ಸಾಬ್!" ಎಂದು ಹೊರಗಿನಿಂದ ಬಂತು.

"ಬಿಟ್ಟೀನಿ, ಎಳಿ!"

"ಅಬ್ ನೀವು ಎಳೀರಿ!"

"ಬಿಡು!"

ಎಷ್ಟೋ ವರ್ಷದ ಮೇಲೆ ಆಡಿದ ಮಾತುಗಳು ಇವು. ಬಿಡು ಎಂದಾಗ ಬಿಟ್ಟರು, ಎಳೆ ಎಂದಾಗ ಎಳೆದರು. ಜನವಾಡದ ಸಾಗವಾನಿ ಸುಲಭಕ್ಕೆ ಬಗ್ಗುವ ಕಟ್ಟಿಗೆಯಲ್ಲ; ಬೆವರು ಇಳಿಸಿತು. ಗರಗಸ ಒಂದು ಆನೆಯ ಹೊಟ್ಟೆ ದಾಟಿ ಇನ್ನೊಂದಕ್ಕೆ ಬಂತು. ಕಾಶೀರಾಮನಿಗೆ ಒಂದೊಂದು ಆನೆಗೂ ಮೊದಲು ಅಯ್ಯೋ ಎನಿಸುತ್ತಿತ್ತು. ಆಮೇಲೆ ರಟ್ಟೆ ನೋಯತೊಡಗಿ, ಈ ದರಿದ್ರ ಆನೆಗಳು ಇನ್ನೆಷ್ಟು ಉಳಿದಿವೆಯೋ ಎನಿಸಿತು.

"ಸಾಬ್," ಎಂದ ಮುಜೀಬೋದ್ದೀನ, ದಣಿವಾರಿಸಿಕೊಳ್ಳುತ್ತ.

"ಏನು?"

"ಆ ಕಂದೀಲು ಒಡದಿದ್ದು ಛಲೋ ಆತ್ರಿ. ಅದರ ಬತ್ತಿ ಮೊದಲೇ ಏರ್ತಿದ್ದಿಲ್ಲ."

ಕಾಶೀರಾಮ ಒಳಗೆ ಕತ್ತಲಲ್ಲಿ ಗರಗಸ ಹಿಡಿದುಕೊಂಡೇ ನಕ್ಕ. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಕಾಣದೆ ಇದ್ದದ್ದು ಅನುಕೂಲವಾಯಿತು.

"ತಪ್ಪು ನಂದೇ ಇತ್ತು ಮುಜೀಬ. ಬಾಗಲಾ ಹೊರಗ ತೆರಿಸಿದವ ಯಾರು? ನಾನು. ರೋಡ್ ತರಿಸಿದವ ಯಾರು? ನಾನು. ಚಹಾ ಕುಡಿಸಿ ನನ್ನ ಮನಿ ನಾನೇ ಹೂಳಿಸಿಕೊಂಡೀನಿ. ಖಬರಸ್ತಾನದಾಗಾದ್ರೂ ಮಣ್ಣು ಬ್ಯಾರೇವರು ಹಾಕ್ತಾರ!"

ಹೊರಗೆ ಸೇರಿದ್ದ ಗಲ್ಲಿಯವರೆಲ್ಲ ಗೊಳ್ಳೆಂದು ನಕ್ಕರು. ಇಷ್ಟು ದಿನ ಮನೆಗೆ ಹೋಗಿ ನಗುತ್ತಿದ್ದವರು ಈಗ ಎದುರಿಗೇ ನಕ್ಕರು. ಕಾಶೀರಾಮನಿಗೆ ಯಾಕೋ ಮೈ ಹಗುರಾಯಿತು.

ಹೊತ್ತು ಇಳಿಯುವುದರೊಳಗೆ ಎರಡನೆಯ ಕದದ ಬುಡವೂ ಕಳಚಿ ಅಂಗಳಕ್ಕೆ ಬಿತ್ತು. ಕಾಶೀರಾಮ ಬೆವರು ಒರೆಸಿಕೊಂಡು, ಎರಡೂ ಕೈ ಕದಕ್ಕೆ ಕೊಟ್ಟು, ರೂಢಿಯಂತೆ ಗಂಟಲೆತ್ತಿ ಕೂಗಿದ: "ಟಾಂಗಾ ಸರಸು!"

"ಆಗಲೇ ಸರಿಸೇನ್ರಿ ಸಾಬ್," ಎಂದ ಮುಜೀಬೋದ್ದೀನ.

ಕದಗಳು ರಸ್ತೆಯ ಮೈ ಸವರಿಕೊಂಡು ಹೊರಕ್ಕೆ ತೆರೆದುಕೊಂಡವು. ಹಿತ್ತಾಳೆಯ ಗುಬ್ಬಿಗಳು ಹೊಳೆದವು. ಕೆಳಗೆ ಕಾಲಿಲ್ಲದ ಆನೆಗಳು ರಸ್ತೆಯಲ್ಲಿ ಹೂತುಹೋದವರಂತೆ ನಿಂತವು. ಕೊಯ್ದ ಹಲಗೆಗಳನ್ನೇ ರಸ್ತೆಯಿಂದ ಅಂಗಳಕ್ಕೆ ಇಳಿಜಾರಾಗಿ ಹಾಸಿ, ಕೆಳಗೆ ಅಳಿಯ ಕಲ್ಲು ಕೊಟ್ಟ. ಸುಭದ್ರಾಬಾಯಿ ಕುಬರಾಳ ಒಲೆಯಿಂದ ಆರತಿ ಹಚ್ಚಿಕೊಂಡು ಬಂದಳು. ಒಂದು ಕಡೆ ಅವ್ವ, ಒಂದು ಕಡೆ ಕುಬರಾ ಹಿಡಿದುಕೊಂಡು, ಜನಾಬಾಯಿ ತಲೆ ಎತ್ತಿ, ಬಲಗಾಲಿಟ್ಟು, ಆನೆಗಳ ಕಾಲಿನ ಮೇಲೆ ನಡೆದು ತವರಿನೊಳಗೆ ಬಂದಳು. ಎತ್ತುಗಳು ಕತ್ತು ತಿರುಗಿಸಿ ನೋಡಿದವು.

ಕಾಶೀರಾಮ ಎಲ್ಲರನ್ನೂ ಒಳಗೆ ಕಳಿಸಿ, ಬರಲೊಲ್ಲೆ ಎನ್ನುತ್ತಿದ್ದ ಮುಜೀಬೋದ್ದೀನನನ್ನೂ ರಟ್ಟೆ ಹಿಡಿದು ಒಳಗೆ ನೂಕಿ, ಕಡೆಗೆ ತಾನು ಹೊರಟ. ಎರಡು ಬಂಡಿ ಒಟ್ಟಿಗೆ ಹೋಗುವಷ್ಟು ಬಾಗಿಲು ತೆರೆದಿತ್ತು, ಮೇಲೆ ಆಕಾಶ ಕಾಣುತ್ತಿತ್ತು. ಆದರೂ ಹೊಸ್ತಿಲಿಗೆ ಬಂದ ಕೂಡಲೇ ಅವನ ಕುತ್ತಿಗೆ ತಾನಾಗಿ ತಗ್ಗಿತು, ಸೊಂಟ ತಾನಾಗಿ ಬಗ್ಗಿತು. ಹಾಗೇ ಬಗ್ಗಿಕೊಂಡು ಒಳಗೆ ಬಂದ.

"ಈಗ್ಯಾಕ ಬಗ್ತೀರಿ? ಬಾಗಲಾ ತೆರದದಲ್ರಿ!" ಎಂದಳು ಸುಭದ್ರಾಬಾಯಿ.

ಕಾಶೀರಾಮ ತಲೆ ಎತ್ತಿ ಮೇಲೆ ನೋಡಿದ, ಸುತ್ತ ನಿಂತವರನ್ನು ನೋಡಿದ, ಹೊರಸಿನ ಮೇಲೆ ಕೂತು ನಗುತ್ತಿದ್ದ ಮಗಳನ್ನು ನೋಡಿದ.

"ಇರ್ಲಿ ಬಿಡು," ಎಂದ. "ಈಗ ರೂಢಿ ಆಗ್ಯಾದ."